ಬೋಳು ಮಗ್ಗ

“ಹಿಡ್ಕೊಳ್ರೋ! ಅಯ್ಯೋ, ಹಿಡ್ಕೊಳ್ರೋ!”

ಕೂಗುತ್ತಲೇ ಅಜ್ಜಿ ಮಗ್ಗದ ಮೇಲೆ ಬಿದ್ದಳು. ಎರಡೂ ಕೈ ಚಾಚಿ, ಜಾರುತ್ತಿದ್ದ ಎಳೆಗಳನ್ನು ಬಾಚಿಕೊಂಡಳು. ಮುಷ್ಟಿಗೆ ಸಿಕ್ಕಿದ್ದು ನೂರೋ ಇನ್ನೂರೋ. ಉಳಿದವು ತಂತಿಯ ಕಣ್ಣುಗಳಿಂದ ಸದ್ದಿಲ್ಲದೆ ಹೊರಬಿದ್ದು, ಹಣಿಗೆಯ ಹಲ್ಲುಗಳ ನಡುವೆ ನುಸುಳಿ, ಮುಂದೆ ನಿಂತು ತಾತ ಎಳೆಯುತ್ತಿದ್ದ ಬಟ್ಟೆಯ ಹಿಂದೆಯೇ ಹೋಗಿಬಿಟ್ಟವು. ತಾತ ತಲೆಯೆತ್ತುವಷ್ಟರಲ್ಲಿ ಎಲ್ಲವೂ ನೆಲದ ಮೇಲಿದ್ದವು. ಅಜ್ಜಿಯ ಮುಷ್ಟಿಯಲ್ಲಿದ್ದವೂ ಯಾವ ಕಣ್ಣಿಗೂ ಸೇರದ ಬರೀ ನೂಲು.

“ಕಡ್ಡಿ ಕಟ್ಟಿರ್ಲಿಲ್ವಾ?” ಎಂದ ತಾತ.

“ನೀನು ಎಳೀತೀಯ ಅಂತ ನಂಗೇನು ಗೊತ್ತು?”

“ನೀನು ಕಟ್ಟಿರ್ತೀಯ ಅಂತ ಎಳ್ದೆ.”

ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ತಾತ ಮುನಿಸ್ವಾಮಿ ಮತ್ತು ಅಜ್ಜಿ ಬನಶಂಕರಿ ಮಗ್ಗದ ಬಳಿ ಮಾತಾಡುವುದಿಲ್ಲ. ಅವಳು ಹಿಂದಿನ ಕೆಲಸ ಮುಗಿಸಿದಳೆಂದು ಅವನಿಗೆ ತಿಳಿಯುತ್ತದೆ, ಅವನು ಮುಂದೆ ಕೈ ಇಟ್ಟನೆಂದು ಅವಳಿಗೆ ತಿಳಿಯುತ್ತದೆ. ಐವತ್ತೆರಡು ವರ್ಷ ಹೀಗೆಯೇ ನಡೆದಿತ್ತು. ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದವರು ಮಾತ್ರ ಮಾಡಬಹುದಾದ ತಪ್ಪು ಇದು.

ನಮ್ಮದು ದೊಡ್ಡಬಳ್ಳಾಪುರದಲ್ಲಿ ನಾಲ್ಕು ಮಗ್ಗಗಳ ಮನೆ. ಒಂದು ಹಾಸಿನಲ್ಲಿ, ಎಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲಿನಲ್ಲಿ, ನಾಲ್ಕು ಸಾವಿರದ ಎಂಟುನೂರು ಎಳೆ. ಒಂದೊಂದು ಎಳೆಯೂ ಒಂದೊಂದು ತಂತಿಯ ಕಣ್ಣಿನಲ್ಲಿ ತೂರಿ, ಆಮೇಲೆ ಜೋಡಿಜೋಡಿಯಾಗಿ ಹಣಿಗೆಯ ಹಲ್ಲುಗಳ ನಡುವೆ ಬರಬೇಕು. ಇಷ್ಟನ್ನು ಪ್ರತಿಸಲ ಮೊದಲಿನಿಂದ ಯಾರು ತೂರಿಸುತ್ತಾರೆ? ಹಾಸು ಮುಗಿದಾಗ ಹಳೆಯ ನೂಲಿನ ಒಂದು ಮೊಳವನ್ನು ಅಲ್ಲೇ ಬಿಡುತ್ತೇವೆ. ಹಿಂದಿನ ತುದಿಗಳನ್ನು ಹಿಡಿಹಿಡಿಯಾಗಿ ಬಿದಿರುಕಡ್ಡಿಗೆ ಬಿಗಿಯುತ್ತೇವೆ. ಹೊಸ ಹಾಸು ಬಂದಾಗ ಅಜ್ಜಿ ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸ ಎಳೆಯನ್ನು ಹಳೆಯ ಎಳೆಗೆ ಹೊಸೆದು ಸೇರಿಸುತ್ತಾಳೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಆಮೇಲೆ ಮುಂದಿನಿಂದ ಎಳೆದರೆ ಹಳೆಯದು ದಾರಿ ತೋರಿಸುತ್ತದೆ, ಹೊಸದು ಹಿಂದೆ ಬರುತ್ತದೆ. ಉಳಿಸಿದ ಆ ಒಂದು ಮೊಳಕ್ಕೆ ನಮ್ಮ ಮನೆಯಲ್ಲಿ ‘ಬೇರು’ ಎಂದು ಹೆಸರು.

ಎಂದರೆ ಒಂದನೇ ಮಗ್ಗದ ಇವತ್ತಿನ ಹಾಸು ಕಳೆದ ತಿಂಗಳ ಹಾಸಿಗೆ ಸೇರಿತ್ತು, ಅದು ಅದರ ಹಿಂದಿನದಕ್ಕೆ. ಅಪ್ಪ ಕೈಮಗ್ಗ ತೆಗೆದು ಪವರ್‌ಲೂಮ್ ಹಾಕಿಸಿದಾಗಲೂ ಅಜ್ಜಿ ಹಳೆಯ ಹಣಿಗೆಯಿಂದ ಹೊಸದಕ್ಕೆ ಎಳೆಗಳನ್ನು ಒಂದೊಂದಾಗಿ ದಾಟಿಸಿಕೊಂಡಿದ್ದಳಂತೆ, ಒಂದು ವಾರ ಕೂತು. ತಾತನ ಅಜ್ಜ ಈ ಊರಿಗೆ ಬಂದಾಗ ಶುರುವಾದ ನೂಲು ಇವತ್ತು, ಅಮಾವಾಸ್ಯೆಯ ಹಿಂದಿನ ದಿನ, ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಕಳಚಿಬಿತ್ತು.

“ಬೋಳಾಗ್ಬಿಡ್ತು,” ಎಂದಳು ಅಜ್ಜಿ. ಮುಷ್ಟಿ ಬಿಚ್ಚಲಿಲ್ಲ.

*

ಅಪ್ಪ ಮೊದಲು ನಕ್ಕರು. ಶಶಿಕುಮಾರ್ ಎಂದರೆ ಊರಿನಲ್ಲಿ ಮೋಟಾರು ರಿಪೇರಿಗೂ ಹೆಸರು. “ಅಮ್ಮಾ, ಮೋಟಾರಿಗೆ ಬೇರು ಗೀರು ಗೊತ್ತಾಗಲ್ಲ. ಗೋಪಾಲಪ್ಪನ್ನ ಕರೆಸ್ತೀನಿ, ಎರಡು ದಿನದಲ್ಲಿ ತುಂಬಿಸ್ತಾನೆ.”

ಬೋಳಾದ ಮಗ್ಗಕ್ಕೆ ಎಳೆ ತುಂಬುವವರು ಊರಿಗೆಲ್ಲ ಇಬ್ಬರೋ ಮೂವರೋ. ಫೋನಿನಲ್ಲಿ ಗೋಪಾಲಪ್ಪ ನಮಗೆಲ್ಲ ಕೇಳುವಂತೆ ಮಾತಾಡಿದ. “ಏನಪ್ಪಾ ಶಶಿ, ನಿಮ್ಮನೇಲಾ? ಬನಶಂಕ್ರಕ್ಕನ ಮನೇಲಾ? ತಮಾಷೆ ಮಾಡ್ಬೇಡ ಗುರು. ನಾಳೆ ಅಮಾವಾಸ್ಯೆ, ಮಗ್ಗ ಮುಟ್ಟಲ್ಲ. ಸೋಮವಾರ ಹಿಂದೂಪುರದಲ್ಲಿ ಮದುವೆ. ಮಂಗಳವಾರ ಬರ್ತೀನಿ.”

“ಮಂಗಳವಾರ ಆಗಲ್ಲ,” ಎಂದಳು ಅಜ್ಜಿ. “ಪಾಡ್ಯ ಸೋಮವಾರ. ಸೂರ್ಯ ಹುಟ್ಟೋ ಹೊತ್ಗೆ ಬೋಳಾದ ಮಗ್ಗ ಓಡ್ಬೇಕು. ಓಡ್ಲಿಲ್ಲ ಅಂದ್ರೆ ಈ ಮನೆ ಈ ಊರಲ್ಲಿ ನಿಲ್ಲಬಾರ್ದು.”

ಈ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ, ಕತೆಯ ಹಾಗೆ. ನಮ್ಮ ಹಿರಿಯರು ಹಂಪೆಯ ಆಚೆ ಎಲ್ಲೋ ಇದ್ದರಂತೆ. ಮಗ್ಗ ಬೋಳಾಯಿತು, ಹೊರಟರು. ಧರ್ಮಾವರದಲ್ಲಿ ಮೂರು ತಲೆಮಾರು, ಬೋಳಾಯಿತು, ಹೊರಟರು. ಹಿಂದೂಪುರ, ಬೋಳಾಯಿತು. ಮಳೆ ಹೋಗಿದ್ದಕ್ಕೋ ದಂಡು ಬಂದಿದ್ದಕ್ಕೋ ಹೊರಟಿರಬೇಕು, ಆದರೆ ನಮ್ಮ ಮನೆಯ ಕತೆಯಲ್ಲಿ ಬರ, ಯುದ್ಧ, ರಾಜ ಯಾವುದೂ ಇಲ್ಲ. ಬರೀ ಮಗ್ಗ ಇದೆ.

ಮಧ್ಯಾಹ್ನ ಅಜ್ಜಿ ಒಲೆ ಆರಿಸಿದಳು. ಗ್ಯಾಸ್ ಒಲೆಯನ್ನೇ, ಸಿಲಿಂಡರಿನ ಬಾಯಿ ತಿರುಗಿಸಿ. ಎರಡು ಸೀರೆ, ಕುಂಕುಮದ ಭರಣಿ, ಚೌಡೇಶ್ವರಿಯ ಪಟ ಗಂಟುಕಟ್ಟಿಕೊಂಡು ಬೀದಿಬಾಗಿಲ ಜಗಲಿಯಲ್ಲಿ ಕೂತಳು. ಅನ್ನ ಬೇಡ, ನೀರು ಸಾಕು.

“ಎಲ್ಲಿಗೆ ಹೋಗ್ತೀಯಾ ಅಜ್ಜಿ?”

“ಗೊತ್ತಿಲ್ಲ.”

“ಗೊತ್ತಿಲ್ದೆ ಹೆಂಗೆ ಹೋಗ್ತೀಯಾ?”

“ಗೊತ್ತಿರೋ ಕಡೆಗೆ ಹೋದ್ರೆ ಅದು ನೆಂಟರ ಮನೆಗೆ ಹೋದಂಗೆ ಕಣೆ ಅನಿತಾ. ಊರು ಬಿಟ್ಟಂಗಲ್ಲ.”

ಅಪ್ಪ ಈಗ ನಗಲಿಲ್ಲ. ಅಜ್ಜಿ ಒಮ್ಮೆ ಹರಕೆ ಹೊತ್ತು ನಲವತ್ತೆಂಟು ದಿನ ಯಾರೊಂದಿಗೂ ಮಾತಾಡದೆ ಇದ್ದವಳು. ನಲವತ್ತೊಂಬತ್ತನೇ ದಿನ ಅವಳಾಡಿದ ಮೊದಲ ಮಾತು “ಸಾರಿಗೆ ಉಪ್ಪಿಲ್ಲ” ಎಂಬುದಂತೆ. ಹೇಳಿದರೆ ಮಾಡುತ್ತಾಳೆ. ಎಪ್ಪತ್ತೊಂದು ವರ್ಷ, ಅರ್ಧ ಕಣ್ಣು, ಸೋಮವಾರ ಬೆಳಿಗ್ಗೆ ಗೌರಿಬಿದನೂರು ರಸ್ತೆಯಲ್ಲೋ ನೆಲಮಂಗಲದ ರಸ್ತೆಯಲ್ಲೋ ಲಾರಿಗಳ ನಡುವೆ ಅವಳು ನಡೆದು ಹೋಗುವುದು ನನಗೆ ಕಣ್ಣಿಗೆ ಕಟ್ಟಿದಂತಾಯಿತು. ಸಂಜೆ ಅಪ್ಪ ಹೊಸ ಹಾಸು ಸುತ್ತಿದ ಬೀಮನ್ನು ಹಿಂದೆ ಏರಿಸಿಟ್ಟರು. ತಂತಿಗಳನ್ನು ತಾವೇ ತುಂಬಲು ಕೂತರು. ಮೂವತ್ತು ಎಳೆಗೆ ಎರಡು ತಾಸು. ಮೂವತ್ತರಲ್ಲಿ ಹನ್ನೊಂದು ತಪ್ಪು. ತಾತನಿಗೂ ಬರುವುದಿಲ್ಲ. ಅಜ್ಜಿಗೂ ಬರುವುದಿಲ್ಲ; ಅಂದು ಅವಳು ದಾಟಿಸಿದ್ದೂ ಹಳೆಯದನ್ನು ನೋಡಿಕೊಂಡೇ. ಲಕ್ಷಗಟ್ಟಲೆ ಎಳೆ ಸೇರಿಸಿದ ಮನೆಯಲ್ಲಿ ಶುರುಮಾಡಲು ಬರುವವರು ಒಬ್ಬರೂ ಇಲ್ಲ.

*

ಭಾನುವಾರ ಬೆಳಿಗ್ಗೆ ಸೊಂಬಾರಿ ದೈಮಾರಿ ಬೀಗದ ಕೈ ವಿಷಯ ಮಾತಾಡಲು ಬಂದಳು.

ನಮ್ಮ ಹಿತ್ತಲಿನ ಶೀಟಿನ ಕೋಣೆಯಲ್ಲಿ ಮೂರು ವರ್ಷದಿಂದ ಇರುವವಳು. ಅಸ್ಸಾಮಿನ ಉದಾಲ್ಗುರಿಯ ಬೋಡೊ ಹೆಂಗಸು, ಮೂವತ್ತೈದರ ಸುಮಾರು, ಅಪ್ಯಾರಲ್ ಪಾರ್ಕಿನಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದಳು. ಅವಳು ಕೆಲಸ ಮಾಡುವ ಲೈನ್ ಮುಚ್ಚುತ್ತಿತ್ತು. ಅವಳೂ ಅವಳ ಊರಿನ ಆರು ಮಂದಿಯೂ ಬುಧವಾರ ತಿರುಪ್ಪೂರಿಗೆ ಹೊರಡುವವರಿದ್ದರು. ಮೂರು ವರ್ಷದಲ್ಲಿ ನಾನು ಅವಳ ಜೊತೆ ಆಡಿದ ಮಾತೆಂದರೆ ನೀರು ಬಂತಾ, ಕರೆಂಟು ಹೋಯ್ತಾ, ಊಟ ಆಯ್ತಾ. ನನ್ನ ಕೆಲಸ ದೇವನಹಳ್ಳಿಯ ಏರ್‌ಪೋರ್ಟಿನ ಕಾರ್ಗೋದಲ್ಲಿ. ಗುವಾಹಾಟಿ ಎಂದರೆ ನನಗೆ ಪೆಟ್ಟಿಗೆಗಳ ಮೇಲಿನ ಮೂರು ಅಕ್ಷರ.

ಸೊಂಬಾರಿ ಬಾಗಿಲಲ್ಲೇ ನಿಂತು ಒಳಗೆ ನೋಡಿದಳು. ನಾಲ್ಕೂ ಮಗ್ಗ ನಿಂತಿದ್ದವು. ಮೂರರಲ್ಲಿ ಹಾಸು ಬಿಗಿದಿತ್ತು. ಒಂದನೆಯದರ ತಂತಿಗಳು ಬರಿದಾಗಿ, ಅಪ್ಪ ತುಂಬಿದ್ದ ಮೂವತ್ತನ್ನು ಬಿಟ್ಟು ಉಳಿದೆಲ್ಲ ಕಣ್ಣುಗಳಲ್ಲೂ ಕಿಟಕಿಯ ಬೆಳಕು ತೂರಿ ಆಚೆ ಬರುತ್ತಿತ್ತು.

“ಖಾಲಿ!” ಎಂದಳು ಅವಳು. ಮುಖ ಅರಳಿತು. “ಹೊಸ ಮಗ್ಗ ಶುರು? ಏನು ಬಣ್ಣ?”

ಸಾವಿನ ಮನೆಗೆ ಬಂದು ಮದುವೆ ಯಾವಾಗ ಎಂದು ಕೇಳಿದ ಹಾಗಾಯಿತು. ಅಜ್ಜಿ ಜಗಲಿಯಿಂದಲೇ ತಿರುಗಿದಳು.

“ಏನಂತೆ ಅವಳದ್ದು?”

ನಾನು ಸೊಂಬಾರಿಗೆ ಹೇಳಿದೆ. ಬೇರು, ಪಾಡ್ಯ, ಅಜ್ಜಿಯ ಗಂಟು. ಅವಳು ಪೂರ್ತಿ ಕೇಳಿಸಿಕೊಂಡು, ಚಪ್ಪಲಿ ಬಿಟ್ಟು ಒಳಗೆ ಬಂದು, ಹಣಿಗೆಯ ಹಲ್ಲುಗಳ ಮೇಲೆ ಉಗುರು ಎಳೆದಳು. ಸರ್ರೆಂದು ಸಣ್ಣ ಸದ್ದು.

“ನಮ್ಮ ಕಡೆ ಎಲ್ಲ ಬಟ್ಟೆ ಹೀಗೇ. ಒಂದು ಮುಗೀತು, ತೆಗೀತೀವಿ, ಖಾಲಿ. ಮತ್ತೆ ತುಂಬ್ತೀವಿ. ಎಲ್ಲ ಮನೇಲೂ ಮಗ್ಗ ಇದೆ, ಎಲ್ಲ ಹೆಂಗಸಿಗೂ ಬರುತ್ತೆ. ನಾನು ಎಂಟು ವರ್ಷದವಳು, ಆಗಿಂದ.” ಹಣಿಗೆಯ ಅಗಲವನ್ನು ಒಮ್ಮೆ ನೋಡಿದಳು. “ಇದು ಉದ್ದ ಜಾಸ್ತಿ. ಸಂಜೆ ಆಗುತ್ತೆ.”

“ಸಂಜೆಗೆ?” ಎಂದರು ಅಪ್ಪ.

“ಸಂಜೆಗೆ.”

ಅಪ್ಪ ಅಜ್ಜಿಯನ್ನು ನೋಡಿದರು. ಅಮಾವಾಸ್ಯೆಯ ದಿನ ಮಗ್ಗ ಮುಟ್ಟಬಾರದು. ಅದಕ್ಕಿಂತ ದೊಡ್ಡ ಕಟ್ಟು ನಮ್ಮ ಬೀದಿಯಲ್ಲಿ ಇಲ್ಲ. ಅಜ್ಜಿ ರಸ್ತೆಯ ಕಡೆ ತಿರುಗಿದಳು. ಒಂದು ಹಾಲಿನ ಟೆಂಪೊ ಹೋಯಿತು. ಆಮೇಲೆ ಯಾರಿಗೂ ಅಲ್ಲವೆನ್ನುವಂತೆ ಹೇಳಿದಳು:

“ನಮ್ಮೋರು ಮುಟ್ಟಬಾರ್ದು ಅಂತ ಐತೆ. ಬೇರೆಯೋರು ಮುಟ್ಟಬಾರ್ದು ಅಂತ ಯಾರೂ ಹೇಳಿಲ್ಲ.”

“ಎಳೆ ಕೊಡೋಕೆ ಹಿಂದೆ ಒಬ್ಬರು ಬೇಕು,” ಎಂದಳು ಸೊಂಬಾರಿ, ನನ್ನನ್ನು ನೋಡುತ್ತ.

ನಾನು ಅಜ್ಜಿಯನ್ನು ನೋಡಿದೆ. ಅಜ್ಜಿ ಇನ್ನೂ ಸ್ವಲ್ಪ ಆಚೆಗೆ ತಿರುಗಿದಳು. “ನಂಗೆ ಕಣ್ಣು ಕಾಣಲ್ಲಪ್ಪ. ಯಾರು ಏನು ಮಾಡ್ತಾರೋ ಏನೋ.”

ಕಂಬದ ಹಿಂದಿನಿಂದ ತಾತ ನಕ್ಕಿದ್ದು ಕೇಳಿಸಿತು. ಎರಡು ದಿನದಲ್ಲಿ ಮೊದಲ ಸಲ.

*

ಸೊಂಬಾರಿ ಪೊರಕೆಯಿಂದ ಒಂದು ತೆಂಗಿನಕಡ್ಡಿ ಎಳೆದುಕೊಂಡಳು. ಬ್ಲೇಡಿನಿಂದ ಚಪ್ಪಟೆಯಾಗಿ ಹೆರೆದು, ತುದಿಯಲ್ಲಿ ಒಂದು ಕಚ್ಚು ಮಾಡಿದಳು. ಅಷ್ಟೇ ಅವಳ ಉಪಕರಣ. ಮಗ್ಗದ ಮುಂದೆ ಅವಳು, ಹಿಂದೆ ಬೀಮಿನ ಬಳಿ ನಾನು, ನಡುವೆ ತಂತಿಗಳ ನಾಲ್ಕು ಸಾಲು. ಕಡ್ಡಿ ಒಂದು ಕಣ್ಣಿನಿಂದ ನನ್ನ ಕಡೆಗೆ ಇಣುಕುತ್ತದೆ, ನಾನು ಎಳೆಯನ್ನು ಕಚ್ಚಿಗೆ ಸಿಕ್ಕಿಸುತ್ತೇನೆ, ಅದು ಆಚೆ ಹೋಗುತ್ತದೆ. ಮೊದಲ ಸಾಲಿನಿಂದ ಒಂದು, ಎರಡನೆಯದರಿಂದ ಒಂದು, ಮೂರು, ನಾಲ್ಕು, ಮತ್ತೆ ಮೊದಲು.

“ಸೆ, ನೈ, ಥಾಮ್, ಬ್ರೈ,” ಎಂದಳು ಸೊಂಬಾರಿ. “ಸೆ, ನೈ, ಥಾಮ್, ಬ್ರೈ.”

ಬೋಡೊ ಭಾಷೆಯ ಒಂದರಿಂದ ನಾಲ್ಕು. ಹತ್ತು ನಿಮಿಷದಲ್ಲಿ ನನ್ನ ಕೈ ಆ ಎಣಿಕೆಗೆ ಹೊಂದಿಕೊಂಡಿತು. ಅವಳ ಕೈ ನೋಡಲು ಸಮಯವಿರಲಿಲ್ಲ, ಆದರೂ ನೋಡಿದೆ. ಅವಸರವೇ ಇಲ್ಲ. ಹೆಬ್ಬೆರಳು, ತೋರುಬೆರಳು, ಕಡ್ಡಿ. ಒಂದು ಎಳೆ ಹೋಗುವುದು ಕಾಣುತ್ತಿರಲಿಲ್ಲ, ಹೋದದ್ದು ಮಾತ್ರ ಕಾಣುತ್ತಿತ್ತು. ಅಪ್ಪ ಎರಡು ತಾಸಿನಲ್ಲಿ ಮಾಡಿದ್ದನ್ನು ಬಿಚ್ಚಿ, ಅಷ್ಟನ್ನೂ ಅವಳು ಎರಡು ನಿಮಿಷದಲ್ಲಿ ತುಂಬಿದ್ದಳು. ಅಪ್ಪ ಕೈಕಟ್ಟಿ ನಿಂತಿದ್ದವರು ಮೆಲ್ಲಗೆ ನೆಲದ ಮೇಲೆ ಕೂತರು, ಶಾಲೆಯ ಹುಡುಗರ ಹಾಗೆ.

“ಯಾರು ಕಲಿಸಿದ್ದು?”

“ಅಮ್ಮ.” ಕಡ್ಡಿ ಇಣುಕಿತು. “ಮೊದಲ ಊರಲ್ಲಿ ಮಗ್ಗ ಮನೆ ಸೂರಿನ ಕೆಳಗಿತ್ತು. ಜನ ಜನ ಹೊಡೆದಾಡಿ ಗಲಾಟೆ ಆಯ್ತಲ್ಲ, ಆಗ ಮನೆ ಸುಟ್ಟುಹೋಯ್ತು. ಮಗ್ಗನೂ.”

ಸೆ, ನೈ.

“ಸ್ಕೂಲಲ್ಲಿ ಇದ್ವಿ. ಕ್ಯಾಂಪು. ಒಂದು ರೂಮಲ್ಲಿ ಒಂಬತ್ತು ಮನೆಯವರು. ಅಮ್ಮ ಫುಟ್ಬಾಲ್ ಗೋಲಿನ ಎರಡು ಕಂಬಕ್ಕೆ ಬಿದಿರು ಕಟ್ಟಿ ಮಗ್ಗ ಮಾಡಿದ್ಲು. ಹುಡುಗರು ಬೈದರು.” ಅವಳು ನಕ್ಕಳು. “ಆಮೇಲೆ ಅವರೇ ನೂಲು ಹಿಡಿದರು.”

ಥಾಮ್, ಬ್ರೈ.

“ಆಮೇಲೆ ಬೇರೆ ಊರು ಕೊಟ್ಟರು, ನದಿ ಹತ್ತಿರ. ಐದು ವರ್ಷ. ನದಿ ತಿಂತು.”

“ಮನೆನಾ?”

“ಊರನ್ನ. ಸ್ಕೂಲು, ರಸ್ತೆ, ಎಲ್ಲ. ಈಗ ಅಲ್ಲಿ ದೋಣಿ ಹೋಗುತ್ತೆ.” ಇದನ್ನು ಅವಳು ಹೇಳಿದ್ದು ಬಸ್ಸಿನ ಮಾರ್ಗ ಬದಲಾಯಿತು ಎನ್ನುವ ಹಾಗೆ. “ಆಗ ಅಮ್ಮ ದಡದಲ್ಲಿ ನಿಂತು ಅಕ್ಕನಿಗೆ ಹೇಳಿದ್ಲು, ಮಗ್ಗಕ್ಕೆ ಬಿದಿರು ಕಡಿ, ಒಳ್ಳೆ ಜಾಗ ನೋಡು. ಆಮೇಲೆ ನಾನು ರೈಲು ಹತ್ತಿದೆ. ಮೂರು ದಿನ.”

ಕಡ್ಡಿ ಇಣುಕುತ್ತಲೇ ಇತ್ತು. ನನ್ನ ಬೆರಳಿನಲ್ಲಿ ಎಳೆ ಹಾಗೇ ನಿಂತುಬಿಟ್ಟಿತು. ನಾವು ಎರಡು ಸಾವಿರ ಎಳೆ ದಾಟಿದ್ದೆವು; ಅಷ್ಟೂ ಹೊತ್ತು ನಾನು ಒಂದು ಬಟ್ಟೆಯ ಬಗ್ಗೆ ಯೋಚಿಸುತ್ತಿದ್ದೆ. ಈಗ ನನಗೆ ಕಂಡದ್ದು ಬೇರೆ. ಸುಟ್ಟ ಊರಿನಿಂದ, ಮುಳುಗಿದ ಊರಿನಿಂದ, ಬೆಟ್ಟದಿಂದ, ಗಣಿ ಬಂದ ಕಾಡಿನಿಂದ ಜನ ಎದ್ದು ಬರುತ್ತಿದ್ದಾರೆ. ಅಪ್ಯಾರಲ್ ಪಾರ್ಕಿನ ಫ್ಯಾಕ್ಟರಿಗಳ ಗೇಟಿನಲ್ಲಿ, ದೇವನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ನಾನು ದಿನಾ ನೋಡುವ ಮುಖಗಳು. ಒಂದೊಂದೂ ಒಂದೊಂದು ಸಣ್ಣ ಕಣ್ಣಿನಲ್ಲಿ ತೂರಿ ಬಂದದ್ದು. ನಾನು ಅವರನ್ನು ಗುಂಪು ಎಂದುಕೊಂಡಿದ್ದೆ.

“ಎಳೆ,” ಎಂದಳು ಸೊಂಬಾರಿ.

ಕೊಟ್ಟೆ.

ಮಧ್ಯಾಹ್ನದ ಹೊತ್ತಿಗೆ ಅವಳ ಮುಖದ ಎಡಭಾಗ ನೂಲಿನ ಹಿಂದೆ ಮರೆಯಾಗಿತ್ತು. ಜಗಲಿಯಿಂದ ಏನೋ ಗುನುಗು ಕೇಳಿಸತೊಡಗಿತು. ಅಜ್ಜಿ. “ಒಕಟಿ, ರೆಂಡು, ಮೂಡು, ನಾಲುಗು.” ನಮ್ಮ ಮನೆಯಲ್ಲಿ ತೆಲುಗು ಮಾತಾಡುವುದು ನಿಂತು ಎರಡು ತಲೆಮಾರಾಯಿತು. ಎಳೆ ಎಣಿಸುವಾಗ ಮಾತ್ರ ಅಜ್ಜಿ ತೆಲುಗಿನಲ್ಲಿ ಎಣಿಸುತ್ತಾಳೆ, ಅವಳ ಅತ್ತೆ ಎಣಿಸುತ್ತಿದ್ದಂತೆ. ಅವಳಿಗೆ ಕನ್ನಡದಲ್ಲಿ ಎಳೆ ಎಣಿಸಲು ಬರುವುದೇ ಇಲ್ಲ. ಸೊಂಬಾರಿಯ ‘ಸೆ’ಗೆ ಸರಿಯಾಗಿ ಅಜ್ಜಿಯ ‘ಒಕಟಿ’ ಬೀಳುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ನನಗೆ ಥಟ್ಟನೆ ಒಂದು ಪ್ರಶ್ನೆ ಬಂತು. ಕೂಗಿ ಕೇಳಿದೆ.

“ಅಜ್ಜಿ, ಹಿಂದೂಪುರದಿಂದ ಬಂದಾಗ ಮಗ್ಗ ಬೋಳಾಗಿತ್ತಲ್ಲ, ಇಲ್ಲಿ ಯಾರು ತುಂಬಿದ್ದು?”

ಎಣಿಕೆ ನಿಂತಿತು.

“ಧರ್ಮಾವರದಲ್ಲಿ? ಅಲ್ಲಿಗೆ ಹೋದಾಗಲೂ ಬೋಳೇ ತಾನೆ? ನಮ್ಮೋರಿಗೆ ತುಂಬೋಕೆ ಬರಲ್ಲ.”

ತಾತ ಅಜ್ಜಿಯ ಕಡೆ ನೋಡಿದ. ಅಪ್ಪನೂ ನೋಡಿದರು.

“ಯಾರೋ ತುಂಬಿರ್ಬೇಕು,” ಎಂದಳು ಅಜ್ಜಿ, ನಿಧಾನವಾಗಿ. “ಆಯಾ ಊರಲ್ಲಿ ಯಾರೋ. ಹೆಸರು ಯಾರೂ ಹೇಳಿಲ್ಲ ಕಣೆ. ನಮ್ಮತ್ತೆ ಊರು ಊರಿನ ಹೆಸರೂ ಹೇಳೋಳು, ಬಾವಿ ಹೆಸರು ಕೂಡ ಹೇಳೋಳು. ಅವರ ಹೆಸರು ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ.”

ಆಮೇಲೆ ಅವಳು ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಬಂದು, ಸೊಂಬಾರಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಮಗ್ಗ ಮುಟ್ಟಲಿಲ್ಲ. ಕಣ್ಣನ್ನು ಕಡ್ಡಿಗೆ ಒಂದು ಗೇಣು ಹತ್ತಿರ ತಂದು ನೋಡುತ್ತ ಕೂತಳು. ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ. ನಡುವೆ ಒಮ್ಮೆ ಮಾತ್ರ, “ಏನು ಬೆರಳಮ್ಮಾ ಇದು,” ಎಂದಳು. ಐವತ್ತು ವರ್ಷದಲ್ಲಿ ಅವಳು ಬೇರೊಬ್ಬರ ಕೈಯನ್ನು ಹೊಗಳಿದ್ದನ್ನು ತಾನು ಕೇಳಿಲ್ಲ ಎಂದು ಆಮೇಲೆ ತಾತ ಹೇಳಿದ.

ಬೀದಿದೀಪ ಹತ್ತುವ ಮೊದಲು ಕೊನೆಯ ಜೋಡಿ ಹಣಿಗೆ ದಾಟಿತು. ಸೊಂಬಾರಿ ಪೂರ್ತಿ ಮರೆಯಾಗಿದ್ದಳು. ನನ್ನ ಎದುರಿಗಿದ್ದದ್ದು ನೆಲ್ಲಿಕಾಯಿ ಹಸಿರಿನ ಒಂದು ಗೋಡೆ, ಉಸಿರು ತಾಕಿದರೆ ಅಲುಗುವಂಥದು.

*

ಸೋಮವಾರ ಸೂರ್ಯ ಹುಟ್ಟಿದಾಗ ಅಪ್ಪ ಸ್ವಿಚ್ ಹಾಕಿದರು. ಲಾಳಿ ಒಮ್ಮೆ ತಡವರಿಸಿತು. ಆಮೇಲೆ ಮಗ್ಗ ತನ್ನ ಎಂದಿನ ಸದ್ದು ಹಿಡಿಯಿತು, ಪಕ್ಕದ ಮನೆಯ, ಅದರಾಚೆಯ ಮನೆಯ ಮಗ್ಗಗಳ ಸದ್ದಿಗೆ ಸೇರಿಕೊಂಡಿತು. ಎರಡು ಬೆರಳಗಲ ಬಟ್ಟೆ ಬಂತು. ಅಜ್ಜಿ ಬಗ್ಗಿ ಅದಕ್ಕೆ ಕೆನ್ನೆ ಒತ್ತಿದಳು. ಒಂದು ಎಳೆಯೂ ತಪ್ಪಿರಲಿಲ್ಲ.

ಒಲೆ ಹತ್ತಿಸಿದಳು. ಕಾಫಿ ಮಾಡಿದಳು. ಜಗಲಿಯ ಮೇಲಿದ್ದ ಗಂಟನ್ನು ತಾತ ಯಾರೂ ನೋಡದ ಹಾಗೆ ಒಳಗೆ ತಂದು ಬಿಚ್ಚಿ, ಪಟವನ್ನು ಮೊಳೆಗೆ ನೇತುಹಾಕಿದ.

ಸೊಂಬಾರಿ ಕಾಲರ್ ಲೈನಿನ ಕೊನೆಯ ಎರಡು ದಿನಕ್ಕೆ ಹೊರಟವಳು, ಕುತ್ತಿಗೆಯಲ್ಲಿ ಗುರುತಿನ ಚೀಟಿ ಹಾಕಿಕೊಂಡು ಹಿತ್ತಲಿನಿಂದ ಬಂದಳು. ಅಜ್ಜಿ ಅವಳನ್ನು ಒಳಗೆ ಕರೆದು, ಒಂದನೇ ಮಗ್ಗದ ಪಕ್ಕ ಮಣೆ ಹಾಕಿ ಕೂರಿಸಿದಳು. ನಮ್ಮ ಬೀದಿಯಲ್ಲಿ ಬಾಡಿಗೆಯವರಿಗೆ ಮಣೆ ಹಾಕುವುದಿಲ್ಲ. ಅಜ್ಜಿ ಹಣೆಗೆ ಕುಂಕುಮ ಇಟ್ಟಳು. ಕೈಗೆ ಕಾಫಿ ಕೊಟ್ಟಳು. ಮೋಟಾರು ಆರಿಸಲು ಅಪ್ಪನಿಗೆ ಸನ್ನೆ ಮಾಡಿದಳು, ಮಾತು ಕೇಳಿಸಬೇಕಿತ್ತು.

“ತಿರುಪ್ಪೂರಿಗೆ ಹೋಗ್ಬೇಡ,” ಎಂದಳು. “ನಡುಮನೆ ಪಕ್ಕದ ಕೋಣೆ ನಿಂದು. ಹಿತ್ಲಲ್ಲಿ ಅಲ್ಲ, ಒಳಗೆ. ಈ ಮಗ್ಗ ನಿಂದು. ಬಾಡಿಗೆ ಗೀಡಿಗೆ ಮಾತೆತ್ತಬೇಡ. ನಿಮ್ಮಮ್ಮನ್ನ ಕರೆಸ್ಕೊ, ಅವಳಿಗೂ ಜಾಗ ಐತೆ. ಇನ್ಮೇಲೆ ಎಲ್ಲಿಗೂ ಹೋಗೋದು ಬೇಡ ನೀನು. ಸಾಕು ಹೋಗಿದ್ದು. ಈ ಮನೆ ಇರೋ ತನಕ ನೀನು ಇಲ್ಲೇ. ನಮ್ಮೋಳು ಅಂತ ನಾನೇ ಬೀದೀಲಿ ಹೇಳ್ತೀನಿ, ಯಾರು ಕೇಳ್ತಾರೋ ನೋಡೋಣ.”

ಅಪ್ಪ ತಡೆಯಲಿಲ್ಲ. ತಾತ ತಲೆಯಾಡಿಸಿದ. ಎರಡು ರಾತ್ರಿ ಜಗಲಿಯಲ್ಲಿ ಗಂಟಿನ ಜೊತೆ ಕೂತಿದ್ದವಳು ತನ್ನ ಪಾಲಿಗೆ ಲೋಕದಲ್ಲೇ ದೊಡ್ಡದಾದದ್ದನ್ನು ಎತ್ತಿ ಕೊಡುತ್ತಿದ್ದಳು.

ಸೊಂಬಾರಿ ಕಾಫಿಯನ್ನು ಕೊನೆಯ ಗುಟುಕಿನವರೆಗೆ ಕುಡಿದಳು. ಲೋಟ ಕೆಳಗಿಟ್ಟಳು. ಮಗ್ಗವನ್ನು ಒಮ್ಮೆ, ಅಜ್ಜಿಯ ಮುಖವನ್ನು ಒಮ್ಮೆ ನೋಡಿದಳು. ಅವಳ ಕಣ್ಣಿನಲ್ಲಿ ಬೇಸರವಾಗಲಿ ಆಸೆಯಾಗಲಿ ನನಗೆ ಕಾಣಲಿಲ್ಲ.

“ಬೇಡ ಅಜ್ಜಿ,” ಎಂದಳು. “ನಾನು ಇರಲ್ಲ. ಒಂದು ಮುಗೀತು, ಖಾಲಿ, ಅಲ್ಲಿ ಮತ್ತೆ ತುಂಬ್ತೀನಿ.”